ಇವತ್ತು ಭಟ್ಟಿಗೆ ರಜೆ

ರಾತ್ರಿ ಪಾಳಿಯ ನನ್ನ ಮೊದಲ ವಾರ.
ಹೆಂಗಸರ ವಾರ್ಡಿನ ಕೊನೆಯ ಮಂಚ, ಕಿಟಕಿ ಪಕ್ಕದ್ದು,
ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿರುವ ಮಂಚ.
ಅದರ ಮೇಲೆ ಮೆಹಬೂಬಿ.
ಕೇಸ್‌ಶೀಟಿನಲ್ಲಿ ವಯಸ್ಸು ಐವತ್ತೆಂಟು,
ಕೈ ನೋಡಿದರೆ ಎಪ್ಪತ್ತು,
ನಕ್ಕರೆ, ಸೋಮವಾರ ಒಮ್ಮೆ ನಕ್ಕಿದ್ದಳು, ಹದಿನಾರು.

ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯ ಮುಂದೆ ಕೂತು
ಕಾದ ಮರಳಿಗೆ ಜರಡಿ ಹಿಡಿದವಳು.
ಊರು ಸಂಜೆ ಮೆಣಸಿನಕಾಯಿ ಜೊತೆ ಮುಕ್ಕಿದ ಹಗುರವೆಲ್ಲ
ಅವಳ ಎದೆಯಲ್ಲಿ ಹೊಗೆಯಾಗಿ ಭಾರ ಕೂತಿತ್ತು.
ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ಕೆಳಗಿಳಿಸಿದರು, ಏನೂ ಅನ್ನಲಿಲ್ಲ.
ನೋವಾಗದಂತೆ ನೋಡಿಕೊಳ್ಳಿ ಎಂದು ಬರೆದು
ಅಡಿಗೆ ಒಂದು ಗೆರೆ ಎಳೆದರು.

ಆ ಗೆರೆಯ ಕೆಳಗಿನದೆಲ್ಲ ನಮ್ಮದು.

ಎರಡೂಮುಕ್ಕಾಲಿಗೆ ಎದ್ದು ಕೂತಳು.
ಕಾಲು ಇಳಿಬಿಟ್ಟು ಚಪ್ಪಲಿ ತಡಕಿದಳು.
"ಹೊತ್ತಾತು. ಒಲೆ ಹಚ್ಚಿರ್ತಾರೆ. ಬಿಡವ್ವ."
ರೋಗಿಗೆ ಸ್ಥಳ ಕಾಲಗಳ ಅರಿವು ಮೂಡಿಸಬೇಕು
ಎಂದು ಪುಸ್ತಕದಲ್ಲಿತ್ತು. ಮೂಡಿಸಿದೆ.
"ಇದು ದಾವಣಗೆರೆ ಸರ್ಕಾರಿ ಆಸ್ಪತ್ರೆ ಅಮ್ಮ. ಇವತ್ತು ಗುರುವಾರ.
ನಿಮಗೆ ಹುಷಾರಿಲ್ಲ. ಎಲ್ಲೂ ಹೋಗುವ ಹಾಗಿಲ್ಲ."
ಹತ್ತಕ್ಕೆ ಹತ್ತು ಅಂಕದ ಉತ್ತರ.
ಅವಳು ಮಾಸ್ಕ್ ಕಿತ್ತೆಸೆದಳು,
ಪಗಾರ ಹಿಡೀತಾರೆ ಎಂದು ಅತ್ತಳು,
ನನ್ನ ಮಣಿಕಟ್ಟಿಗೆ ಅವಳ ಉಗುರು ನಾಟಿತು.

ಕೊಟ್ರಮ್ಮ ಸಿಸ್ಟರ್ ಬಂದರು. ಓಡಿ ಬರಲಿಲ್ಲ,
ಆರನೇ ಮಂಚದ ಜಾರಿದ ಹೊದಿಕೆ ಸರಿಮಾಡಿಯೇ ಬಂದರು.
ಮಂಚದ ತುದಿಗೆ ಕೂತರು,
ಭಟ್ಟಿಯ ಮುಂದೆ ಕೂರುವ ಹಾಗೆ, ಒಂದು ಮೊಣಕಾಲು ಮಡಚಿ.
"ಇವತ್ತು ಭಟ್ಟಿಗೆ ರಜೆ, ಮೆಹಬೂಬಿ.
ನೆಲ್ಲು ಬಂದಿಲ್ಲ. ಲಾರಿ ಹರಿಹರದಾಗೇ ನಿಂತೈತಂತೆ."
"ಸಾಹುಕಾರ ಹೇಳಿದ್ನಾ?"
"ಹೇಳಿ ಕಳಿಸ್ಯಾನೆ. ಪಗಾರ ಹಿಡಿಯಂಗಿಲ್ಲ."
ಉಗುರು ಸಡಿಲಾಯಿತು.
ಮೂವತ್ತು ವರ್ಷ ಎತ್ತಿ ಹಿಡಿದಿದ್ದ ಜರಡಿ
ಅವಳ ಮುಖದಿಂದ ಕೆಳಗಿಳಿಯಿತು.

ಆಮೇಲಿನದು ಕೆಲಸ.
ಬೆನ್ನಿಗೆ ಎರಡು ದಿಂಬು.
ಬರೆದ ಮದ್ದು, ಬರೆದಷ್ಟೇ, ಬರೆದ ಹೊತ್ತಿಗೆ.
ತುಟಿಗೆ ಒದ್ದೆ ಹತ್ತಿ; ಕುಡಿಸಬಾರದು, ಒರೆಸಬೇಕು.
ತಮ್ಮನ ಮಗ ಜಬೀವುಲ್ಲಾ
ಆಂಬುಲೆನ್ಸಿನ ಬಾಡಿಗೆ ಕೇಳಲು ಬಾಯಿ ತೆರೆದದ್ದೇ
ತೋಳು ಹಿಡಿದು ವರಾಂಡಕ್ಕೆ ಕರೆದೊಯ್ದರು.
"ಕಿವಿ ಕೊನೇಗೆ ಹೋಗೋದು. ಲೆಕ್ಕ ಇಲ್ಲಿ ಮಾತಾಡು.
ಒಳಗೆ ನಿಮ್ಮೋರು ಈ ಹೊತ್ತಿಗೆ ಏನು ಹೇಳ್ತಾರೋ ಅದನ್ನ ಹೇಳು,
ಕಿವಿ ಹತ್ರ, ಮೆಲ್ಲಗೆ."
ನನಗೆ ಹೇಳಿದ್ದು ಇಷ್ಟು:
"ಕೈ ತಣ್ಣಗಿದ್ರೆ ಮುಟ್ಟಬ್ಯಾಡ. ಉಜ್ಜಿಕೊಂಡು ಮುಟ್ಟು."

ಸುಳ್ಳಲ್ಲವೇ ಸಿಸ್ಟರ್, ಆ ಲಾರಿ, ಆ ಹರಿಹರ?
ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ದೂರವನ್ನು
ಗೋಡೆ ಗಡಿಯಾರದಲ್ಲಿ ಅಳೆಯುತ್ತಿದ್ದರು,
ತಲೆ ತಿರುಗಿಸಲಿಲ್ಲ.
"ರಜೆ ಸಿಕ್ಕಿದ್ದು ಸುಳ್ಳಾ?"

ಐದೂ ಹತ್ತಕ್ಕೆ ಅಳೆಯುವುದು ನಿಲ್ಲಿಸಿದರು.
ಹೊರಗೆ ಪಿ.ಬಿ. ರಸ್ತೆಯಲ್ಲಿ ಬಸ್ಸೊಂದು ಗೇರ್ ಬದಲಿಸಿತು.
ಕಣ್ಣು ಮುಚ್ಚಿಸಿ, ಸೂಜಿ ತೆಗೆದು,
ಮೊಣಕೈವರೆಗಿನ ಹಳೇ ಸುಟ್ಟ ಕಲೆಗಳನ್ನು
ಬಿಸಿನೀರ ಬಟ್ಟೆಯಲ್ಲಿ ಒರೆಸುತ್ತ
"ಬಿಸಿ ಜಾಸ್ತಿ ಆತಾ ಮೆಹಬೂಬಿ?" ಎಂದು ಕೇಳಿದರು.
ಕೇಳಿ, ಉತ್ತರಕ್ಕೆ ಕಾಯುವಷ್ಟು ಹೊತ್ತು ಸುಮ್ಮನಿದ್ದು,
ಬಟ್ಟೆಯನ್ನು ತಣ್ಣೀರಲ್ಲಿ ಒಮ್ಮೆ ಅದ್ದಿದರು.

ರಿಜಿಸ್ಟರಿನಲ್ಲಿ ಒಂದೂವರೆ ಸಾಲು.

ಆರೂವರೆಗೆ ಡ್ಯೂಟಿ ಕೋಣೆಯಲ್ಲಿ ಸ್ಟೀಲ್ ಡಬ್ಬಿ ತೆರೆದು
ಒಗ್ಗರಣೆ ಮಂಡಕ್ಕಿ ನನ್ನ ಕಡೆ ತಳ್ಳಿದರು.
ನನ್ನ ಕೈ ಹೋಗಲಿಲ್ಲ.
"ತಿನ್ನು. ರಾತ್ರಿಗೆ ಮತ್ತೆ ಬರಬೇಕು ನೀನು."
ಒಂದು ಹಿಡಿ ತಾವೂ ಬಾಯಿಗೆ ಹಾಕಿಕೊಂಡು
ಬಹಳ ಹೊತ್ತು ಅಗಿದರು.
"ಉಪ್ಪು ಕಮ್ಮಿ ಆಗೈತೆ," ಅಂದರು.